ಮಾಡೆಲ್ ಟನ್ನಿಗೆ 2 ಘನ ಮೀಟರ್ ಅನ್ನುತ್ತದೆ, ಗಣಿ 10.8 ಅನ್ನುತ್ತದೆ: ಕಲ್ಲಿದ್ದಲಿನೊಳಗೆ ಅನಿಲ ಹರಿಯುವ ಲೆಕ್ಕ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ನಾನು ಸುರತ್ಕಲ್‌ನಲ್ಲಿ ಗಣಿ ಎಂಜಿನಿಯರಿಂಗ್ ಎಂ.ಟೆಕ್. ಓದುತ್ತಿದ್ದೇನೆ. ಝರಿಯಾ ಕಲ್ಲಿದ್ದಲು ಪ್ರದೇಶದ ಒಂದು ಲಾಂಗ್‌ವಾಲ್ ಗಣಿಯಲ್ಲಿ (ಉದ್ದನೆಯ ಒಂದೇ ಗೋಡೆಯಾಗಿ ಕಲ್ಲಿದ್ದಲು ಕತ್ತರಿಸುತ್ತಾ ಹೋಗುವ ಗಣಿ) ಎಷ್ಟು ಮೀಥೇನ್ ಹೊರಬರುತ್ತದೆ ಅಂತ ಮಾಡೆಲ್ ಮಾಡುವುದು ನನ್ನ ಪ್ರಾಜೆಕ್ಟ್. ಆಳ ಸುಮಾರು 500 ಮೀಟರ್. ಸೀಮ್‌ನಲ್ಲಿ, ಅಂದರೆ ಕಲ್ಲಿದ್ದಲು ಪದರದಲ್ಲಿ, ಟನ್ನಿಗೆ 6 ಘನ ಮೀಟರ್ ಅನಿಲ ಇದೆ, ಅನಿಲದ ಒತ್ತಡ 2 ಮೆಗಾಪ್ಯಾಸ್ಕಲ್. ಪರ್ಮಿಯಬಿಲಿಟಿಗೆ (ಅನಿಲ ಎಷ್ಟು ಸಲೀಸಾಗಿ ಹಾಯುತ್ತದೆ ಅನ್ನುವುದಕ್ಕೆ) ಶಿ–ಡುರುಕಾನ್ ಸೂತ್ರ ಹಾಕಿ, ಅದಕ್ಕೆ ಎಲ್ಲ ದಿಕ್ಕಿನ ಸರಾಸರಿ ಸ್ಟ್ರೆಸ್ (ಬಂಡೆಯೊಳಗಿನ ಒತ್ತುವಿಕೆ) ಕೊಟ್ಟಿದ್ದೇನೆ. ಮಾಡೆಲ್ ಟನ್ನಿಗೆ ಸುಮಾರು 2 ಘನ ಮೀಟರ್ ತೋರಿಸುತ್ತಿದೆ. ಆದರೆ ಗಣಿಯ ಅಳತೆ ಹೀಗಿದೆ: ರಿಟರ್ನ್ ಗಾಳಿ (ಕೆಲಸದ ಜಾಗ ಹಾಯ್ದು ಹೊರಹೋಗುವ ಗಾಳಿ) ಸೆಕೆಂಡಿಗೆ 40 ಘನ ಮೀಟರ್, ಅದರಲ್ಲಿ ಮೀಥೇನ್ ಶೇ. 0.5, ದಿನದ ಉತ್ಪಾದನೆ 1,600 ಟನ್. ಎಲ್ಲಿ ತಪ್ಪಿದೆ ಸರ್? ಮತ್ತೆ, ಇದಕ್ಕೆ ಸಾಫ್ಟ್‌ವೇರ್ ಯಾವುದು, ಫ್ಲಾಕ್ ಒಳ್ಳೆಯದೋ ಕಾಮ್ಸಾಲ್ ಒಳ್ಳೆಯದೋ?

ಉತ್ತರ: ಮೊದಲು ಗಣಿಯ ಅಳತೆ ನೋಡೋಣ, ಮಾಡೆಲ್ ಆಮೇಲೆ. 40 ಘನ ಮೀಟರ್‌ನಲ್ಲಿ ಶೇ. 0.5 ಅಂದರೆ ಸೆಕೆಂಡಿಗೆ 0.2 ಘನ ಮೀಟರ್ ಮೀಥೇನ್. ದಿನಕ್ಕೆ 17,280. ಅದನ್ನು 1,600 ಟನ್ನಿಗೆ ಹಂಚಿದರೆ ಟನ್ನಿಗೆ 10.8 ಘನ ಮೀಟರ್. ನಮ್ಮ ದೇಶದ ನಿಯಮದಲ್ಲಿ 10 ದಾಟಿದರೆ ಅದು ಅನಿಲದ ಲೆಕ್ಕದಲ್ಲಿ ಮೂರನೇ ಡಿಗ್ರಿ ಗಣಿ, ಅದಕ್ಕಿಂತ ಮೇಲಿನ ವರ್ಗ ಇಲ್ಲ.

ಈಗ ಎರಡು ಅಂಕಿ ಅಕ್ಕಪಕ್ಕ ಇಟ್ಟು ನೋಡಿ. ಕಲ್ಲಿದ್ದಲಿನಲ್ಲಿ ಇರುವುದೇ ಟನ್ನಿಗೆ 6, ಗಣಿಯಿಂದ ಬರುತ್ತಿರುವುದು 10.8. ನೀವು ಪರ್ಮಿಯಬಿಲಿಟಿಯನ್ನು ಹತ್ತು ಪಟ್ಟು ಮಾಡಿ, ಸಾವಿರ ಪಟ್ಟು ಮಾಡಿ, 6 ಇರುವ ಕಲ್ಲಿದ್ದಲಿನಿಂದ 10.8 ಬರಲು ಸಾಧ್ಯವೇ ಇಲ್ಲ ಅಲ್ವಾ? ಹಾಗಾಗಿ ತಪ್ಪು ಒಂದಲ್ಲ, ಎರಡು. ನಿಮ್ಮ ಸೀಮ್‌ನಿಂದಲೇ ಬರಬೇಕಾದ ಅನಿಲ ಮಾಡೆಲ್‌ನಲ್ಲಿ ಪೂರ್ತಿ ಬರುತ್ತಿಲ್ಲ. ಅದು ಒಂದು. ಬೇರೆ ಕಡೆಯಿಂದ ಬರುವ ಅನಿಲಕ್ಕೆ ನಿಮ್ಮ ಮಾಡೆಲ್‌ನಲ್ಲಿ ಜಾಗವೇ ಇಲ್ಲ. ಅದು ಇನ್ನೊಂದು. ಎರಡಕ್ಕೂ ಕಾರಣ ಮಾತ್ರ ಒಂದೇ: ಗಣಿ ಅಗೆದಾಗ ಸ್ಟ್ರೆಸ್ ಯಾವ ದಾರಿಯಲ್ಲಿ ಬದಲಾಗುತ್ತದೆ ಅನ್ನುವುದನ್ನು ನೀವು ಬಿಟ್ಟಿದ್ದೀರಿ. ಎಷ್ಟು ಏರಿತು, ಎಷ್ಟು ಇಳಿಯಿತು ಅನ್ನುವುದಕ್ಕಿಂತ ಯಾವುದು ಮೊದಲು ಏರಿತು, ಯಾವುದು ಆಮೇಲೆ ಇಳಿಯಿತು, ನಡುವೆ ಕಲ್ಲಿದ್ದಲು ಮುರಿಯಿತೋ ಇಲ್ಲವೋ ಅನ್ನುವುದೇ ಇಲ್ಲಿ ಮುಖ್ಯ.

ಅನಿಲ ಕಲ್ಲಿದ್ದಲಿನಲ್ಲಿ ಹೇಗಿರುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ, ಬೇಗ ಮುಗಿಸುತ್ತೇನೆ. ಹೆಚ್ಚಿನ ಮೀಥೇನ್ ಸೂಕ್ಷ್ಮ ರಂಧ್ರಗಳ ಗೋಡೆಗೆ ಅಂಟಿಕೊಂಡಿರುತ್ತದೆ. ಹರಿಯುವ ದಾರಿ ಮಾತ್ರ ಕ್ಲೀಟ್, ಅಂದರೆ ಕಲ್ಲಿದ್ದಲಿನಲ್ಲಿ ಮೊದಲಿನಿಂದಲೇ ಇರುವ ಸಣ್ಣ ಬಿರುಕುಗಳ ಜಾಲ. ಒಳಗಿಂದ ಕ್ಲೀಟ್‌ವರೆಗೆ ಡಿಫ್ಯೂಷನ್ (ನಿಧಾನಕ್ಕೆ ಹರಡುವುದು), ಕ್ಲೀಟ್‌ನಲ್ಲಿ ಡಾರ್ಸಿ ಹರಿವು (ಒತ್ತಡದ ವ್ಯತ್ಯಾಸಕ್ಕೆ ತಕ್ಕಂತೆ ಹರಿಯುವುದು). ಯಾವ ಒತ್ತಡದಲ್ಲಿ ಎಷ್ಟು ಅಂಟಿದೆ ಅನ್ನುವುದಕ್ಕೆ ಲ್ಯಾಂಗ್‌ಮ್ಯೂರ್ ರೇಖೆ. ಲ್ಯಾಂಗ್‌ಮ್ಯೂರ್ ಪರಿಮಾಣ (ಹೆಚ್ಚೆಂದರೆ ಅಂಟಬಹುದಾದದ್ದು) ಟನ್ನಿಗೆ 12 ಘನ ಮೀಟರ್, ಲ್ಯಾಂಗ್‌ಮ್ಯೂರ್ ಒತ್ತಡ (ಅದರ ಅರ್ಧ ಅಂಟುವ ಒತ್ತಡ) 2 ಮೆಗಾಪ್ಯಾಸ್ಕಲ್ ಅಂತ ಇಟ್ಟುಕೊಳ್ಳಿ, ನಿಮ್ಮ 6ಕ್ಕೆ ಸರಿಯಾಗಿ ಕೂರುತ್ತದೆ. ಒತ್ತಡ 2ರಿಂದ 1ಕ್ಕೆ ಇಳಿದರೆ ಬಿಡುಗಡೆಯಾಗುವುದು ಬರೀ 2 ಘನ ಮೀಟರ್. 1ರಿಂದ 0.1ಕ್ಕೆ, ಅಂದರೆ ಹೆಚ್ಚುಕಡಿಮೆ ವಾತಾವರಣದ ಒತ್ತಡಕ್ಕೆ ಇಳಿದರೆ ಇನ್ನೂ 3.4. ಹೆಚ್ಚಿನ ಅನಿಲ ಕೊನೆಯ ಹಂತದಲ್ಲೇ ಬರುತ್ತದೆ. ಆಗಲೂ ಸುಮಾರು 0.6 ಒಳಗೇ ಉಳಿದು ಕಲ್ಲಿದ್ದಲಿನ ಜೊತೆ ಮೇಲೆ ಹೋಗುತ್ತದೆ. ಹಾಗಾದರೆ ಅಗೆದ ಕಲ್ಲಿದ್ದಲು ಕೊಡಬಹುದಾದದ್ದು ಹೆಚ್ಚೆಂದರೆ 5.4. ನಿಮ್ಮ ಮಾಡೆಲ್ ಕೊಡುತ್ತಿರುವುದು 2. ಅಂದರೆ ನಿಮ್ಮ ಮಾಡೆಲ್‌ನಲ್ಲಿ ಫೇಸ್‌ನ (ಕಲ್ಲಿದ್ದಲು ಕತ್ತರಿಸುತ್ತಿರುವ ಗೋಡೆಯ) ಹತ್ತಿರವೂ ಒತ್ತಡ 1 ಮೆಗಾಪ್ಯಾಸ್ಕಲ್‌ನ ಆಸುಪಾಸಿನಲ್ಲೇ ನಿಂತುಬಿಟ್ಟಿದೆ. ದಾರಿ ಕಟ್ಟಿಕೊಂಡಿದೆ.

ಯಾಕೆ ಕಟ್ಟಿಕೊಂಡಿತು? ಸೂತ್ರದ ಹುಟ್ಟನ್ನು ನೋಡಿ. ಶಿ ಮತ್ತು ಡುರುಕಾನ್ 2004ರಲ್ಲಿ ಇದನ್ನು ಬರೆದದ್ದು ಕಲ್ಲಿದ್ದಲು ಪದರಕ್ಕೆ ಬಾವಿ ಕೊರೆದು ಮೀಥೇನ್ ತೆಗೆಯುವವರಿಗಾಗಿ. ಅದಕ್ಕಿಂತ ಮೊದಲಿನ ಪಾಮರ್–ಮನ್ಸೂರಿ ಸೂತ್ರವೂ ಅದೇ ಕೆಲಸಕ್ಕೆ. ಇವುಗಳಿಗೆ ದೊಡ್ಡ ಪರೀಕ್ಷೆ ಆದದ್ದು ಅಮೆರಿಕದ ಸಾನ್ ವಾನ್ ಬೇಸಿನ್‌ನ ಬಾವಿಗಳಲ್ಲಿ. ಅಲ್ಲಿ ಕಲ್ಲಿದ್ದಲನ್ನು ಯಾರೂ ಮುಟ್ಟುವುದಿಲ್ಲ. ಅನಿಲ ಮಾತ್ರ ಹೋಗುತ್ತದೆ. ಮೇಲಿನ ಬಂಡೆಯ ಭಾರ ಹಾಗೇ ಇರುತ್ತದೆ, ಪದರ ಅಡ್ಡಡ್ಡ ಸರಿಯುವುದೂ ಇಲ್ಲ. ಈ ಎರಡು ನಂಬಿಕೆಗಳ ಮೇಲೆಯೇ ಸೂತ್ರ ನಿಂತಿದೆ. ಅಲ್ಲಿ ನಡೆಯುವ ಜಗ್ಗಾಟವೂ ಬೇರೆ: ಅನಿಲದ ಒತ್ತಡ ಇಳಿದರೆ ಕ್ಲೀಟ್ ಮುಚ್ಚಿಕೊಳ್ಳುತ್ತದೆ, ಅದೇ ಹೊತ್ತಿಗೆ ಅಂಟಿದ ಅನಿಲ ಬಿಟ್ಟುಹೋಗಿ ಕಲ್ಲಿದ್ದಲು ಕುಗ್ಗುವುದರಿಂದ ಕ್ಲೀಟ್ ತೆರೆದುಕೊಳ್ಳುತ್ತದೆ. ಸಾನ್ ವಾನ್‌ನಲ್ಲಿ ಎರಡನೆಯದು ಗೆದ್ದು, ಅನಿಲ ತೆಗೆದಂತೆಲ್ಲ ಪರ್ಮಿಯಬಿಲಿಟಿ ಏರಿತು. ಆ ಕೆಲಸಕ್ಕೆ ಬಹಳ ಒಳ್ಳೆಯ ಸೂತ್ರ ಇದು.

ಲಾಂಗ್‌ವಾಲ್ ಫೇಸ್‌ನಲ್ಲಿ ಎರಡೂ ನಂಬಿಕೆ ಮುರಿಯುತ್ತವೆ. ನಿಮ್ಮ 500 ಮೀಟರ್ ಆಳದಲ್ಲಿ ಮೇಲಿನ ಭಾರ ಸುಮಾರು 12.5 ಮೆಗಾಪ್ಯಾಸ್ಕಲ್. ಫೇಸ್ ಹತ್ತಿರ ಬಂದಂತೆ, ಗೋಫ್ (ಕಲ್ಲಿದ್ದಲು ತೆಗೆದ ಮೇಲೆ ಹಿಂದೆ ಉಳಿಯುವ, ಬಂಡೆ ಕುಸಿದ ಜಾಗ) ಮೇಲೆ ಕೂರಬೇಕಿದ್ದ ಭಾರವೆಲ್ಲ ಮುಂದಿನ ಕಲ್ಲಿದ್ದಲಿನ ಮೇಲೆ ಬೀಳುತ್ತದೆ. ಫೇಸ್‌ನಿಂದ ಕೆಲವು ಮೀಟರ್‌ನಿಂದ ಕೆಲವು ಹತ್ತು ಮೀಟರ್ ಮುಂದೆ ಅದು ಎರಡು ಮೂರು ಪಟ್ಟು ಆಗಬಹುದು. ಅಡ್ಡ ದಿಕ್ಕಿನ ಕಥೆ ಇದಕ್ಕೆ ಉಲ್ಟಾ. ಮುಂದೆ ಖಾಲಿ ಜಾಗ ಇರುವುದರಿಂದ ಅಡ್ಡ ಸ್ಟ್ರೆಸ್ ಇಳಿಯುತ್ತಾ ಬಂದು, ಫೇಸ್‌ನ ಮೇಲ್ಮೈಯಲ್ಲಿ ಹೆಚ್ಚುಕಡಿಮೆ ಸೊನ್ನೆ ಆಗುತ್ತದೆ.

ಇದನ್ನು ನಿಮ್ಮ ಸೂತ್ರಕ್ಕೆ ಹಾಕಿ ನೋಡಿ. ಘಾತದಲ್ಲಿ ಇರುವುದು ಮೈನಸ್ 3, ಕ್ಲೀಟ್‌ನ ಕಂಪ್ರೆಸಿಬಿಲಿಟಿ, ಸ್ಟ್ರೆಸ್‌ನ ಬದಲಾವಣೆ, ಈ ಮೂರರ ಗುಣಲಬ್ಧ. ಕಂಪ್ರೆಸಿಬಿಲಿಟಿ ಪ್ರತಿ ಮೆಗಾಪ್ಯಾಸ್ಕಲ್‌ಗೆ 0.1 ಅಂತ ಇರಲಿ. ಸರಾಸರಿ ಸ್ಟ್ರೆಸ್ 10 ಏರಿದೆ ಅಂತ ಹಾಕಿದರೆ ಪರ್ಮಿಯಬಿಲಿಟಿ ಇಪ್ಪತ್ತರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಅಡ್ಡ ಸ್ಟ್ರೆಸ್ 10 ಇಳಿದಿದೆ ಅಂತ ಹಾಕಿದರೆ ಇಪ್ಪತ್ತು ಪಟ್ಟು ಏರುತ್ತದೆ. ಅದೇ ಜಾಗ, ಅದೇ ಸೂತ್ರ, ಉತ್ತರದಲ್ಲಿ 400 ಪಟ್ಟು ವ್ಯತ್ಯಾಸ! ಸೂತ್ರದ ಮೂಲ ರೂಪದಲ್ಲಿ ಇರುವುದು ಅಡ್ಡ ಸ್ಟ್ರೆಸ್, ಯಾಕೆಂದರೆ ಕ್ಲೀಟ್‌ಗಳು ಹೆಚ್ಚಾಗಿ ಪದರಕ್ಕೆ ನೆಟ್ಟಗೆ ನಿಂತಿರುತ್ತವೆ, ಅವುಗಳನ್ನು ಮುಚ್ಚುವುದು ಅಡ್ಡ ಒತ್ತುವಿಕೆ. ನೀವು ಅಲ್ಲಿ ಸರಾಸರಿಯನ್ನು ಕೂರಿಸಿ ಫೇಸ್‌ನ ಮುಂದೆ ಒಂದು ಗೋಡೆ ಕಟ್ಟಿದ್ದೀರಿ.

ಹಾಗಂತ ಅಡ್ಡ ಸ್ಟ್ರೆಸ್ ಹಾಕಿಬಿಟ್ಟರೆ ಕೆಲಸ ಮುಗಿಯಿತಾ ಅಂದರೆ ಅದೂ ಇಲ್ಲ. ಇಷ್ಟು ಹೊತ್ತು ಮಾತಾಡಿದ್ದೆಲ್ಲ ಸ್ಥಿತಿಸ್ಥಾಪಕ ಕಲ್ಲಿದ್ದಲಿನ ಬಗ್ಗೆ. ಮೇಲಿಂದ 30 ಮೆಗಾಪ್ಯಾಸ್ಕಲ್ ಒತ್ತುತ್ತಿದ್ದು ಅಡ್ಡ ಆಸರೆ ಇಲ್ಲದಿದ್ದರೆ ಕಲ್ಲಿದ್ದಲು ಮುರಿಯುತ್ತದೆ. ಮುರಿದ ಮೇಲೆ ಅದು ಗಾಣದಿಂದ ಈಚೆ ಬಂದ ಕಬ್ಬು, ಭಾರ ತೆಗೆದರೂ ಮೊದಲಿನ ಹಾಗೆ ಆಗುವುದಿಲ್ಲ. ಹೊಸ ಬಿರುಕು, ಹಳೆ ಕ್ಲೀಟ್, ಎಲ್ಲ ಒಂದಕ್ಕೊಂದು ಸೇರಿಕೊಂಡಿರುತ್ತವೆ.

ಲ್ಯಾಬಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಕೋರ್ ತುಂಡನ್ನು (ಸೀಮ್‌ನಿಂದ ಕೊರೆದು ತೆಗೆದ ತುಂಡು) ರಬ್ಬರ್ ತೋಳಿನೊಳಗೆ ಕೂರಿಸಿ ಟ್ರೈಆಕ್ಸಿಯಲ್ ಸೆಲ್‌ಗೆ ಇಳಿಸಿ, ಸುತ್ತ ಎಣ್ಣೆಯ ಒತ್ತಡ ಕೊಟ್ಟು, ಕೆಳಗಿಂದ ಮೀಥೇನ್ ಬಿಡಿ. ಸುತ್ತಲಿನ ಒತ್ತಡ ಹಾಗೇ ಇಟ್ಟು ಮೇಲಿನ ಭಾರ ಮಾತ್ರ ಏರಿಸುತ್ತಾ ಹೋದರೆ ಹರಿವು ನಿಧಾನಕ್ಕೆ ಕಮ್ಮಿಯಾಗುತ್ತದೆ. ಈಗ ಭಾರ ಏರಿಸುತ್ತಲೇ ಸುತ್ತಲಿನ ಎಣ್ಣೆಯ ಒತ್ತಡ ಬಿಡುತ್ತಾ ಬನ್ನಿ, ಫೇಸ್‌ನಲ್ಲಿ ನಡೆಯುವುದು ಇದೇ. ಸ್ವಲ್ಪ ಹೊತ್ತು ಏನೂ ಆಗದ ಹಾಗೆ ಕಾಣುತ್ತದೆ. ಆಮೇಲೆ ತುಂಡಿನ ಅಡ್ಡಳತೆ ಹಿಗ್ಗಲು ಶುರುವಾಗುತ್ತದೆ, ಹರಿವಿನ ಮೀಟರ್ ಮೇಲೇರುತ್ತದೆ, ಮುರಿಯುವ ಗಳಿಗೆಯಲ್ಲಿ ಒಂದೇ ಸಲ ಜಿಗಿಯುತ್ತದೆ. ಎಚ್ಚರ: ಸುತ್ತಲಿನ ಒತ್ತಡ ತೀರಾ ಕಡಿಮೆಯಾದರೆ ಅನಿಲ ತೋಳಿನ ಬದಿಯಿಂದ ನುಸುಳುತ್ತದೆ, ಅದನ್ನು ಕಲ್ಲಿದ್ದಲಿನ ಪರ್ಮಿಯಬಿಲಿಟಿ ಅಂತ ಬರೆದುಕೊಂಡವರು ಬೇಕಾದಷ್ಟಿದ್ದಾರೆ. ಇನ್ನೊಂದು ಮಾತು, ಇದು ನನ್ನ ಹಳೆಯ ತಕರಾರು: ಸೆಲ್‌ವರೆಗೆ ಬರುವುದೇ ಗಟ್ಟಿ ತುಂಡು. ಮೆತ್ತಗಿನ, ಪುಡಿ ಪುಡಿ ಕಲ್ಲಿದ್ದಲು ಕೊರೆಯುವಾಗಲೇ ಒಡೆದುಹೋಗಿರುತ್ತದೆ. ಹಾಗಾಗಿ ಲ್ಯಾಬಿನ ಅಂಕಿಯನ್ನು ಇಡೀ ಸೀಮ್‌ನ ಅಂಕಿ ಅಂತ ಸುಮ್ನೆ ನಂಬಬೇಡಿ.

ಮಾಡೆಲ್‌ನಲ್ಲಿ ಇದನ್ನು ತರುವುದು ಹೀಗೆ. ಮೋರ್–ಕೂಲಂಬ್ (ಬಂಡೆ ಯಾವಾಗ ಮುರಿಯುತ್ತದೆ ಅನ್ನುವ ನಿಯಮ) ಜೊತೆ ಸ್ಟ್ರೇನ್ ಸಾಫ್ಟನಿಂಗ್ ಹಾಕಿ, ಮುರಿದ ಮೇಲೆ ಬಲ ಕುಸಿಯಲಿ. ಮುರಿಯುವವರೆಗೆ ಶಿ–ಡುರುಕಾನ್ ತರಹದ ಸೂತ್ರ ಇರಲಿ, ಅಡ್ಡ ಸ್ಟ್ರೆಸ್‌ನೊಂದಿಗೆ. ಮುರಿದ ಮೇಲೆ ಪರ್ಮಿಯಬಿಲಿಟಿಯನ್ನು ಪ್ಲಾಸ್ಟಿಕ್ ಹಿಗ್ಗುವಿಕೆಗೆ (ಮತ್ತೆ ಮೊದಲಿನಂತಾಗದ ಹಿಗ್ಗುವಿಕೆಗೆ) ಕಟ್ಟಿ. ಘನ ನಿಯಮ ಸಾಕು: ಕ್ಲೀಟ್ ಪೊರಾಸಿಟಿ (ಖಾಲಿ ಜಾಗದ ಪಾಲು) ಶೇ. 0.5 ಇದ್ದದ್ದು ಹಿಗ್ಗಿ ಶೇ. 1.5 ಆದರೆ ಮೂರು ಪಟ್ಟು, ಅಂದರೆ ಪರ್ಮಿಯಬಿಲಿಟಿ 27 ಪಟ್ಟು. ಶೇ. 3 ಆದರೆ 216 ಪಟ್ಟು. ಬರೀ ಶೇ. 2.5 ಹಿಗ್ಗಿದ್ದಕ್ಕೆ ಇಷ್ಟು. ಹಾಗಾಗಿ ಡೈಲೇಶನ್ ಕೋನವನ್ನು (ಮುರಿಯುವಾಗ ಎಷ್ಟು ಹಿಗ್ಗುತ್ತದೆ ಅನ್ನುವುದರ ಅಂಕಿ) ಯೋಚನೆ ಮಾಡಿ ಕೊಡಿ, ಮತ್ತು ಮೇಲೊಂದು ಮಿತಿ ಹಾಕಿ. ಇಲ್ಲದಿದ್ದರೆ ಎರಡು ಮೂರು ಎಲಿಮೆಂಟ್‌ಗಳಲ್ಲಿ (ಮಾಡೆಲ್ ಅನ್ನು ಭಾಗ ಮಾಡಿದ ಸಣ್ಣ ತುಣುಕುಗಳಲ್ಲಿ) ಪರ್ಮಿಯಬಿಲಿಟಿ ಆಕಾಶಕ್ಕೆ ಹೋಗಿ ಲೆಕ್ಕವೇ ಕೆಡುತ್ತದೆ.

ಇನ್ನೂರು ಪಟ್ಟು ಅಂದಾಗ ನಿಮಗೆ ಜಾಸ್ತಿ ಅನ್ನಿಸಬಹುದು. ಚೀನಾದ ಹುವಾಯ್ನಾನ್‌ನ ಪಾನ್‌ಯಿ ಗಣಿಯಲ್ಲಿ, ಅಪಾಯಕಾರಿ ಸೀಮ್‌ನ ಕೆಳಗಿನ ಸೀಮ್ ಅನ್ನು ಮೊದಲು ಅಗೆದು ಮೇಲಿನದರ ಸ್ಟ್ರೆಸ್ ಇಳಿಸಿದಾಗ, ಅನಿಲ ಹಾಯುವ ಗುಣಾಂಕ ಸುಮಾರು 0.011ರಿಂದ 32.7ಕ್ಕೆ ಏರಿತು. ಎರಡು ಸಾವಿರ ಪಟ್ಟಿಗೂ ಮೀರಿ. ಅಲ್ಲಿ ಇದನ್ನು ಬೇಕಂತಲೇ ಮಾಡುತ್ತಾರೆ, ಸ್ಟ್ರೆಸ್ ಇಳಿಸಿ, ತೆರೆದ ದಾರಿಯಿಂದ ಅನಿಲ ಹೀರಿ, ಆಮೇಲೆ ಅಪಾಯದ ಸೀಮ್‌ಗೆ ಕೈ ಹಾಕುವುದು. ಆ ಗುಣಾಂಕದ ಯೂನಿಟ್ ಮಾತ್ರ ನೋಡಿಕೊಳ್ಳಿ. ಚೀನೀ ಪೇಪರ್‌ಗಳಲ್ಲಿ ಬರುವುದು ಮೆಗಾಪ್ಯಾಸ್ಕಲ್ ವರ್ಗಕ್ಕೆ, ದಿನಕ್ಕೆ ಇಷ್ಟು ಚದರ ಮೀಟರ್ ಅಂತ. ಅದರಲ್ಲಿ 1 ಅಂದರೆ ಬರೀ 0.025 ಮಿಲಿಡಾರ್ಸಿ (ಪರ್ಮಿಯಬಿಲಿಟಿಯ ಮಾಮೂಲಿ ಯೂನಿಟ್). ಅಂದರೆ 32.7 ಅನ್ನುವುದು ಒಂದು ಮಿಲಿಡಾರ್ಸಿಯೂ ಅಲ್ಲ, ಸುಮಾರು 0.8. ಇದನ್ನು ಗಮನಿಸದೆ 32.7 ಮಿಲಿಡಾರ್ಸಿ ಅಂತ ನೇರ ಹಾಕಿದರೆ 40 ಪಟ್ಟು ತಪ್ಪು.

ಈಗ ಎರಡನೇ ತಪ್ಪಿಗೆ ಬರೋಣ. 10.8ರಲ್ಲಿ 5.4 ತೆಗೆದರೆ ಇನ್ನೂ 5.4 ಉಳಿಯಿತು. ಅರ್ಧ ಅನಿಲ ನೀವು ಅಗೆದ ಕಲ್ಲಿದ್ದಲಿನದ್ದೇ ಅಲ್ಲ. ಝರಿಯಾದಲ್ಲಿ ಬರಾಕರ್ ಶ್ರೇಣಿಯ ಸೀಮ್‌ಗಳಿಗೆ 1ರಿಂದ 18ರವರೆಗೆ ನಂಬರ್ ಇದೆ, ಒಂದರ ಮೇಲೊಂದು ಪೇರಿಸಿದ ಹಾಗೆ. ನೀವು ಒಂದನ್ನು ಅಗೆದಾಗ ಮೇಲಿನ ಬಂಡೆ ಕುಸಿಯುತ್ತದೆ, ಬಾಗುತ್ತದೆ, ಕೆಳಗಿನ ನೆಲ ಭಾರ ಇಳಿದು ಉಬ್ಬುತ್ತದೆ. ಮೇಲಿನ ಕೆಳಗಿನ ಸೀಮ್‌ಗಳಿಗೆ, ನಡುವಿನ ತೆಳು ಕಲ್ಲಿದ್ದಲು ಪಟ್ಟಿಗಳಿಗೆ ಪಾನ್‌ಯಿಯಲ್ಲಿ ಆದದ್ದೇ ಇಲ್ಲಿ ಯಾರೂ ಕೇಳದೆ ಆಗುತ್ತದೆ. ಅವುಗಳ ಅನಿಲ ಗೋಫ್‌ಗೆ ಇಳಿದು, ಗೋಫ್‌ನಿಂದ ರಿಟರ್ನ್ ಮೂಲೆಗೆ (ಗಾಳಿ ಫೇಸ್ ಬಿಟ್ಟು ಹೊರಡುವ ಮೂಲೆಗೆ) ಬರುತ್ತದೆ. ಜೊತೆಗೆ ಗೋಫ್‌ನಲ್ಲಿ ಬಿಟ್ಟುಹೋದ ಕಲ್ಲಿದ್ದಲು, ಪಕ್ಕದ ಪಿಲ್ಲರ್‌ಗಳು ಬೇರೆ. ನಿಮ್ಮ ಮಾಡೆಲ್‌ನಲ್ಲಿ ಸೀಮ್‌ನ ಮೇಲೂ ಕೆಳಗೂ ಅನಿಲ ಹಾಯದ ಗಡಿ ಹಾಕಿದ್ದರೆ ಇದೆಲ್ಲ ಹೊರಗೇ ಉಳಿಯಿತು. ಬೋರ್‌ಹೋಲ್ ಲಾಗ್ ತೆಗೆದು ಮೇಲೂ ಕೆಳಗೂ ಇರುವ ಎಲ್ಲ ಕಲ್ಲಿದ್ದಲನ್ನೂ ಹಾಕಿ, ಅರ್ಧ ಮೀಟರ್ ದಪ್ಪದ್ದಾದರೂ ಸರಿ.

ಗೋಫ್ ಅನ್ನು ಒಂದೇ ಪರ್ಮಿಯಬಿಲಿಟಿಯ ಡಬ್ಬ ಮಾಡಬೇಡಿ. ಮಧ್ಯದಲ್ಲಿ ಬಂಡೆ ಕೂತು ಒತ್ತಿಕೊಂಡಿರುತ್ತದೆ, ಅಂಚುಗಳಲ್ಲಿ ಸಡಿಲ. ಚೀನಾದ ಚಿಯಾನ್ ಮಿಂಗ್‌ಗಾವೊ ಇದನ್ನೇ ಇಂಗ್ಲಿಷಿನ ಓ ಅಕ್ಷರದ ಆಕಾರದ ಬಿರುಕು ವಲಯ ಅಂತ ಗುರುತಿಸಿದ್ದು. ಅನಿಲ ಓಡಾಡುವುದು ಆ ಉಂಗುರದಲ್ಲೇ, ಅನಿಲ ಹೀರುವ ಡ್ರೈನೇಜ್ ಹೋಲ್ ಕೊರೆಯುವುದೂ ಅಲ್ಲಿಗೇ. ಅಲ್ಲಿನ ವೇಗಕ್ಕೆ ಡಾರ್ಸಿ ಸಾಲದೆ ವೇಗದ ಹರಿವಿನ ಫೋರ್‌ಹೈಮರ್ ಸಮೀಕರಣ ಬೇಕಾಗಬಹುದು.

ಹರಿವು ಇನ್ನೂರು ಪಟ್ಟು ಸಲೀಸಾದ ಮೇಲೆ ಅಡಚಣೆ ಕ್ಲೀಟ್‌ನಲ್ಲಿ ಇರುವುದಿಲ್ಲ, ಕಲ್ಲಿದ್ದಲಿನ ಒಳಗಿನ ಡಿಫ್ಯೂಷನ್‌ಗೆ ಹೋಗುತ್ತದೆ. ಡಿಫ್ಯೂಷನ್ ಸಮಯ ತುಂಡಿನ ಗಾತ್ರದ ವರ್ಗಕ್ಕೆ ತಕ್ಕಂತೆ: ತುಂಡು ಅರ್ಧ ಆದರೆ ಸಮಯ ಕಾಲು ಭಾಗ. ಹಾಗಾಗಿ ಮುರಿದ ವಲಯದಲ್ಲಿ ಡೀಸಾರ್ಪ್ಶನ್ ಸಮಯವನ್ನೂ (ಅಂಟಿದ ಅನಿಲ ಬಿಟ್ಟುಬರುವ ಸಮಯ) ಇಳಿಸಬೇಕು. ಬಹಳಷ್ಟು ಮಾಡೆಲ್‌ಗಳಲ್ಲಿ ಇದನ್ನು ಬಿಟ್ಟು ಪರ್ಮಿಯಬಿಲಿಟಿಯನ್ನೇ ತಿರುಚುತ್ತಾ ಕೂರುತ್ತಾರೆ.

ತಾಳೆ ನೋಡುವಾಗ ಒಟ್ಟು 10.8 ಬಂತು ಅಂತ ಖುಷಿಪಡಬೇಡಿ. ಇಷ್ಟು ಪ್ಯಾರಾಮೀಟರ್ ಇದ್ದರೆ ಯಾವ ಅಂಕಿ ಬೇಕಾದರೂ ಬರಿಸಬಹುದು. ಗಣಿಯವರ ಹತ್ತಿರ ಉತ್ಪಾದನೆ ಇಲ್ಲದ ದಿನಗಳ ಮೀಥೇನ್ ದಾಖಲೆ ಕೇಳಿ. ಶಿಯರರ್ (ಕಲ್ಲಿದ್ದಲು ಕತ್ತರಿಸುವ ಯಂತ್ರ) ನಿಂತಿದ್ದರೂ ಬರುವ ಅನಿಲ ಹೆಚ್ಚಾಗಿ ಗೋಫ್‌ನದ್ದು, ಪಕ್ಕದ ಸೀಮ್‌ಗಳದ್ದು. ಅದನ್ನು ಒಟ್ಟಿನಿಂದ ಕಳೆದರೆ ಫೇಸ್‌ನ ಪಾಲು ಸಿಗುತ್ತದೆ. ಎರಡನ್ನೂ ಬೇರೆ ಬೇರೆ ತಾಳೆ ನೋಡಿ. ರಿಟರ್ನ್ ಮೂಲೆಯ ಸೆನ್ಸರ್‌ನ ದಾಖಲೆ ಸಿಕ್ಕರೆ ಇನ್ನೂ ಒಳ್ಳೆಯದು: ಶಿಯರರ್ ಆ ತುದಿಗೆ ಬಂದಾಗ ಒಂದು ಏರು, ಗೋಫ್‌ನಲ್ಲಿ ದೊಡ್ಡ ಬಂಡೆ ಕುಸಿದಾಗ ಥಟ್ಟನೆ ಒಂದು ಮೊನೆ, ವಾತಾವರಣದ ಒತ್ತಡ ಇಳಿದ ದಿನ ಇಡೀ ರೇಖೆ ಸ್ವಲ್ಪ ಮೇಲೆ. ಗಾಳಿಯ ಪ್ರಮಾಣವನ್ನೂ ಅದೇ ಹೊತ್ತಿನದ್ದೇ ತೆಗೆದುಕೊಳ್ಳಿ, ಬೇರೆ ದಿನದ 40 ಅನ್ನು ಇವತ್ತಿನ ಶೇ. 0.5ಕ್ಕೆ ಗುಣಿಸಬೇಡಿ. ಶೇ. 0.5 ಅಂದರೆ ರಿಟರ್ನ್‌ಗೆ ಇರುವ ಶೇ. 0.75ರ ಮಿತಿಯೊಳಗೇ ಇದೆ, ಆದರೆ ಅದು ಇಡೀ ರಿಟರ್ನ್‌ನ ಸರಾಸರಿ. ಗೋಫ್ ಅಂಚಿನಲ್ಲಿ ಮೀಥೇನ್ ಎಷ್ಟೋ ಜಾಸ್ತಿ ಇರುತ್ತದೆ. ಶೇ. 5ರಿಂದ 15ರೊಳಗೆ ಅದು ಸಿಡಿಯುವ ಮಿಶ್ರಣ.

ಸಾಫ್ಟ್‌ವೇರ್ ವಿಷಯ. ಬಂಡೆ ಮುರಿಯುವುದು, ಕುಸಿಯುವುದು, ಗೋಫ್ ಮತ್ತೆ ಒತ್ತಿಕೊಳ್ಳುವುದು, ಇದೆಲ್ಲ ಫ್ಲಾಕ್‌ನಲ್ಲಿ ಸಲೀಸು. ಡೀಸಾರ್ಪ್ಶನ್, ಡಿಫ್ಯೂಷನ್, ಹರಿವಿನ ಸಮೀಕರಣ ಬರೆದುಕೊಳ್ಳುವುದು ಕಾಮ್ಸಾಲ್‌ನಲ್ಲಿ ಸಲೀಸು. ನಾನಾದರೆ ಫ್ಲಾಕ್‌ನಲ್ಲಿ ಫೇಸ್ ಅನ್ನು ಒಂದೆರಡು ಮೀಟರ್‌ನಂತೆ ಮುಂದಕ್ಕೆ ಸರಿಸುತ್ತಾ, ಪ್ರತಿ ಹೆಜ್ಜೆಯ ಸ್ಟ್ರೆಸ್ ಮತ್ತು ಪ್ಲಾಸ್ಟಿಕ್ ಸ್ಟ್ರೇನ್ ಅನ್ನು ಕಾಮ್ಸಾಲ್‌ಗೆ ಕೊಡುತ್ತೇನೆ. ಸೀಮ್ ಅನ್ನು ಒಂದೇ ಏಟಿಗೆ ಅಗೆದುಹಾಕಿದರೆ ಮೇಲೆ ಹೇಳಿದ ಸ್ಟ್ರೆಸ್‌ನ ದಾರಿಯೇ ತಪ್ಪಿಹೋಗುತ್ತದೆ, ಆಮೇಲೆ ಎಷ್ಟು ಒಳ್ಳೆಯ ಸೂತ್ರ ಹಾಕಿದರೂ ಪ್ರಯೋಜನ ಇಲ್ಲ. ಫೇಸ್ ಹತ್ತಿರ ಎಲಿಮೆಂಟ್ ಒಂದು ಮೀಟರ್‌ಗಿಂತ ದೊಡ್ಡದಾಗುವುದು ಬೇಡ.

ಅನಿಲದ ಒತ್ತಡವನ್ನು ಕಾಮ್ಸಾಲ್‌ನಿಂದ ಫ್ಲಾಕ್‌ಗೆ ವಾಪಸ್ ಕೊಡಬೇಕಾ ಅನ್ನುವುದು ನೀವು ಏನು ಕೇಳುತ್ತಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಗಾಳಿ ವ್ಯವಸ್ಥೆಗೆ ಎಷ್ಟು ಮೀಥೇನ್ ಬರುತ್ತದೆ ಅಂತ ಮಾತ್ರ ಬೇಕಿದ್ದರೆ ಬೇಡ. 12.5ರ ಮುಂದೆ 2 ಮೆಗಾಪ್ಯಾಸ್ಕಲ್ ದೊಡ್ಡದಲ್ಲ. ಔಟ್‌ಬರ್ಸ್ಟ್ (ಕಲ್ಲಿದ್ದಲೂ ಅನಿಲವೂ ಒಟ್ಟಿಗೆ ಥಟ್ಟನೆ ಸಿಡಿದು ಬರುವುದು) ಬಗ್ಗೆ ಕೇಳುವುದಿದ್ದರೆ ಬೇಕೇ ಬೇಕು. ಫೇಸ್‌ನ ಮೊದಲ ಕೆಲವು ಮೀಟರ್‌ನಲ್ಲಿ ಅಡ್ಡ ಸ್ಟ್ರೆಸ್ 1ಕ್ಕೆ ಇಳಿದಿದ್ದು ಒಳಗಿನ ಅನಿಲ ಇನ್ನೂ 2ರಲ್ಲಿದ್ದರೆ, ಅನಿಲವೇ ಕಲ್ಲಿದ್ದಲನ್ನು ಒಳಗಿಂದ ತಳ್ಳುತ್ತಿರುತ್ತದೆ. ನಮ್ಮ ಕೆಜಿಎಫ್‌ನಲ್ಲಿ ರಾಕ್‌ಬರ್ಸ್ಟ್ (ಬಂಡೆ ಸಿಡಿಯುವುದು) ಆಗುತ್ತಿದ್ದದ್ದು ಬರೀ ಸ್ಟ್ರೆಸ್‌ನಿಂದ, ಅಲ್ಲಿನ ಗಣಿ ಮೂರು ಕಿಲೋಮೀಟರ್‌ಗೂ ಆಳಕ್ಕೆ ಹೋಗಿತ್ತು. ಕಲ್ಲಿದ್ದಲಿನಲ್ಲಿ ಅನಿಲ ಜೊತೆಗೂಡುವುದರಿಂದ ಅಷ್ಟು ಆಳ ಬೇಕಿಲ್ಲ. ಆಸ್ಟ್ರೇಲಿಯಾದ ಕಾಲಿನ್ಸ್‌ವಿಲ್‌ನಲ್ಲಿ 1954ರಲ್ಲಿ ಏಳು ಜನ ಸತ್ತ ಔಟ್‌ಬರ್ಸ್ಟ್‌ನಲ್ಲಿ ಬಂದದ್ದು ಮೀಥೇನ್ ಅಲ್ಲ, ಕಾರ್ಬನ್ ಡೈಆಕ್ಸೈಡ್. ಅದು ಕಲ್ಲಿದ್ದಲಿಗೆ ಮೀಥೇನ್‌ಗಿಂತ ಜಾಸ್ತಿ ಅಂಟುತ್ತದೆ, ಕಲ್ಲಿದ್ದಲನ್ನು ಜಾಸ್ತಿ ಹಿಗ್ಗಿಸುತ್ತದೆ ಕೂಡ. ನಿಮ್ಮ ಸೀಮ್‌ನ ಅನಿಲದ ವಿಶ್ಲೇಷಣೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ನೋಡಿ. ತೀರಾ ಕಡಿಮೆ ಇದ್ದರೆ ಮೀಥೇನ್ ಒಂದರ ಲ್ಯಾಂಗ್‌ಮ್ಯೂರ್ ಸಾಕು, ಇಲ್ಲವಾದರೆ ಎರಡು ಅನಿಲದ್ದು ಬರೆಯಬೇಕಾಗುತ್ತದೆ.